ಹೊಟ್ಟೆಗೆ ಹೊಲಿದ ಚೀಲ

ನಾನೊಂದು ಪ್ಲಾಸ್ಟಿಕ್ ಚೀಲ. ಹುಟ್ಟಿದ್ದು ಕಾರ್ಖಾನೆಯಲ್ಲಿ, ಹುಟ್ಟಿಸಿದ್ದು ರೋಗಿಗಳ ಮೂತ್ರ ಹಿಡಿಯಲಿಕ್ಕೆ. ನಗಬೇಡಿ. ಮಂಚದ ಪಕ್ಕ ತೂಗಾಡುತ್ತ ತೆಪ್ಪಗೆ ತುಂಬಿಕೊಳ್ಳುವ ಆ ಕೆಲಸ ನನ್ನಂಥ ಪುಕ್ಕಲಿಗೆ ಹೇಳಿ ಮಾಡಿಸಿದಂತಿತ್ತು. ಕ್ರಿಮಿ ಸೋಕದಂತೆ ಲಕೋಟೆಯಲ್ಲಿ ಮುಚ್ಚಿ, ಒಡಹುಟ್ಟಿದವರ ಜೊತೆ ಬಾಗಲಕೋಟೆ ಕಡೆಯ ಒಂದು ಆಸ್ಪತ್ರೆಗೆ ಕಳಿಸಿದರು. ಆಪರೇಷನ್ ಥಿಯೇಟರಿನ ಕಪಾಟಿನಲ್ಲಿ ಮೂರು ತಿಂಗಳು ಹಾಯಾಗಿದ್ದೆ.

ಒಂದು ಮಧ್ಯಾಹ್ನ ಯಮನೂರಪ್ಪನನ್ನು ತಂದರು. ಕಲ್ಲುಗಣಿಯಲ್ಲಿ ದುಡಿಯುವವ. ಹೊಟ್ಟೆನೋವಿಗೆ ಮೂರು ದಿನ ಅಂಗಡಿ ಗುಳಿಗೆ ನುಂಗುತ್ತ ಕೂತಿದ್ದ; ಅಷ್ಟರಲ್ಲಿ ಕರುಳು ತೂತಾಗಿ ಒಳಗೆಲ್ಲ ಕೀವು. ಡಾಕ್ಟರ್ ಅನುಪಮಾ ನಾಡಗೌಡರು ಹೊಟ್ಟೆ ಕೊಯ್ದು, ತೂತು ಮುಚ್ಚಿ, ತೊಳೆದರು. ಪೇಚಾಟ ಶುರುವಾದದ್ದು ಆಮೇಲೆ. ಕರುಳು ಎಷ್ಟು ಬಾತಿತ್ತೆಂದರೆ ಕೊಯ್ದ ಎರಡು ಅಂಚು ಒಂದನ್ನೊಂದು ಮುಟ್ಟಲೇ ಇಲ್ಲ.

"ಜಗ್ಗಿ ಹೊಲಿದ್ವಿ ಅಂದ್ರ ಒಳಗಿನ ಒತ್ತಡಕ್ಕ ಕಿಡ್ನಿ ನಿಲ್ತಾವ, ಉಸಿರೂ ನಿಲ್ತೈತಿ. ಸದ್ಯಕ್ಕ ತೆರೆದೇ ಇಡೂಣು," ಎಂದರು ಡಾಕ್ಟರು. "ಸಿಸ್ಟರ್, ಒಂದ್ ಯೂರಿನ್ ಬ್ಯಾಗ್ ಕೊಡ್ರಿ."

ಸಿಸ್ಟರ್ ಗ್ರೇಸಿ ನನ್ನ ಲಕೋಟೆ ಹರಿದರು. ಅಯ್ಯೋ ದೇವರೇ, ಕತ್ತರಿ! ಡಾಕ್ಟರು ನನ್ನ ನಳಿಕೆ ಕತ್ತರಿಸಿ, ಬದಿ ಸೀಳಿ, ಹಾಳೆಯಂತೆ ಬಿಡಿಸಿ, ಆ ತೆರೆದ ಹೊಟ್ಟೆಯ ಮೇಲೆ ಹಾಸಿ ಸುತ್ತಲೂ ಚರ್ಮಕ್ಕೆ ಹೊಲಿದುಬಿಟ್ಟರು. ಕೆಳಗೆ ಬಿಸಿ ಕರುಳು ಮಿಸುಕುತ್ತಿತ್ತು. ಅದಕ್ಕೂ ಲೋಕಕ್ಕೂ ನಡುವೆ ನಾನೊಂದೇ. ನಾನು ಹರಿದರೆ ಈ ಮನುಷ್ಯ ಉಳಿಯುವುದಿಲ್ಲ ಎಂದು ತಿಳಿದಾಗ ಜೀವ ಬಾಯಿಗೆ ಬಂತು.

ಐಸಿಯುನಲ್ಲಿ ಅವನಿಗೆ ನಿದ್ದೆಯ ಔಷಧ ಕೊಟ್ಟು ಉಸಿರಿನ ಯಂತ್ರ ಹಾಕಿದರು. ಮಂಚದ ಪಕ್ಕ ನನ್ನ ಒಡಹುಟ್ಟು ತೂಗುತ್ತಿತ್ತು. ಅದರೊಳಗೆ ಮೂತ್ರ ಹನಿಹನಿಯಾಗಿ ಬೀಳುತ್ತಿದ್ದರೆ ನನಗೆ ಧೈರ್ಯ: ಕಿಡ್ನಿ ನಡೆಯುತ್ತಿದೆ.

ಎರಡನೇ ದಿನ ಬೆಳಿಗ್ಗೆ ತಾಯಿ ಹುಲಿಗೆವ್ವನನ್ನು ಹತ್ತು ನಿಮಿಷ ಒಳಗೆ ಬಿಟ್ಟರು. ಊರಿನ ಸೂಲಗಿತ್ತಿ, ನೂರಾರು ಬಾಣಂತಿಯರ ಹೊಟ್ಟೆ ಕಟ್ಟಿದ ಕೈ. ಹೊದಿಕೆ ಸರಿಸಿದಳು. ನನ್ನ ಮೂಲಕ ಮಗನ ಕರುಳು ಕಂಡಳು.

"ಯವ್ವಾ, ನನ್ ಕೂಸಿನ್ನ ಹಿಂಗ್ಯಾಕ ಬಿಟ್ಟಾರ? ಕಟ್ಟಲಿಲ್ಲಂದ್ರ ಹೊರಗ ಬರಂಗಿಲ್ಲೇನು?"

ಕೈಚೀಲದಿಂದ ಮೆತ್ತಗಿನ ಹಳೇ ಸೀರೆ ತೆಗೆದಳು. ಸಿಸ್ಟರ್ ಬೇರೆ ಮಂಚದ ಹತ್ತಿರವಿದ್ದರು. ಮಲಗಿದವರನ್ನು ಅಲುಗಿಸದೆ ನಡುವಿನಡಿ ಬಟ್ಟೆ ತೂರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಎರಡು ಸುತ್ತು ಸುತ್ತಿ, ಬಿಗಿದು ಗಂಟು ಹಾಕಿ, ಹೊದಿಕೆ ಹೊದಿಸಿ, ಸಮಾಧಾನವಾಗಿ ಹೋದಳು.

ಬೇಡವೇ ತಾಯಿ, ಬೇಡ! ಆದರೆ ನನ್ನ ಮಾತು ಕೇಳುವವರು ಯಾರು? ಕೆಳಗಿನಿಂದ ಕರುಳು ಒತ್ತಿತು, ಮೇಲಿನಿಂದ ಸೀರೆ. ಯಂತ್ರ ಊದಿದ ಉಸಿರು ಅರ್ಧಕ್ಕೇ ನಿಲ್ಲತೊಡಗಿತು. ಒಡಹುಟ್ಟಿನ ಕಡೆ ಕಿವಿಗೊಟ್ಟೆ. ಹನಿ ನಿಂತಿತ್ತು.

ಕೊನೆಗೆ ಯಂತ್ರವೇ ಕೂಗಿಕೊಂಡಿತು. ಗ್ರೇಸಿ ಓಡಿಬಂದು ಹೊದಿಕೆ ಎತ್ತಿದರು. "ಅಯ್ಯೋ, ಯಾರು ಕಟ್ಟಿದ್ದು ಇದನ್ನ!" ಎನ್ನುತ್ತ ಸೀರೆಯನ್ನು ಕಚಕ್ಕನೆ ಕತ್ತರಿಸಿ, ಹನಿ ಮತ್ತೆ ಬೀಳುವವರೆಗೆ ಮಂಚದ ಪಕ್ಕ ಮಂಡಿಯೂರಿ ಕೂತರು.

ಮರುದಿನ ಡಾಕ್ಟರು ಹುಲಿಗೆವ್ವನನ್ನು ಮಂಚದ ಬಳಿಗೇ ಕರೆತಂದರು. ಬೈಯಲಿಲ್ಲ. "ನೋಡು ಯವ್ವಾ, ಬಾಣಂತಿ ಹೊಟ್ಟಿ ಖಾಲಿ ಆಗಿರ್ತೈತಿ, ಕಟ್ಟಬಹುದು. ಇವನ ಹೊಟ್ಟಿ ಇನ್ನೂ ಬಾತೈತಿ. ಬಾವು ಇಳೀಲಿ."

"ನನ್ ಕೈಯಾರೆ ಕೊಲ್ತಿದ್ನಲ್ಲೋ ಮಗನ!" ಎಂದು ಅವಳು ಅವನ ಪಾದ ಹಿಡಿದು ಅತ್ತಳು. ಆಮೇಲೆ ನನ್ನ ಹತ್ತಿರ ಕೈ ತರಲೂ ಹೆದರುತ್ತಿದ್ದಳು.

ಐದನೇ ದಿನ ಮತ್ತೆ ಥಿಯೇಟರು. ಬಾವು ಇಳಿದಿತ್ತು. ನನ್ನನ್ನು ಬಿಚ್ಚಿ ಬಕೆಟ್ಟಿಗೆ ಹಾಕಿದರು. ಅಲ್ಲಿಂದಲೇ ಕಣ್ಣು ಕೀಲಿಸಿ ನೋಡಿದೆ. ಟ್ರೇ ಪಕ್ಕ ನನ್ನದೇ ಜಾತಿಯ ಹೊಸ ಲಕೋಟೆಯೊಂದು ಕಾಯುತ್ತಿತ್ತು. ಅಂಚು ಕೂಡದಿದ್ದರೆ ಮತ್ತೆ ಅದೇ ಗತಿ. ಡಾಕ್ಟರು ಹೊಟ್ಟೆಯ ಗಟ್ಟಿ ಪದರಕ್ಕೆ ಅರ್ಧ ಸೆಂಟಿಮೀಟರಿಗೊಂದರಂತೆ ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದರು. ದೊಡ್ಡ ಹೊಲಿಗೆ ಬೇಗ ಮುಗಿಯುತ್ತದೆ, ಆದರೆ ಅಂಚನ್ನೇ ಕೊರೆಯುತ್ತದಂತೆ. ಗಾಯದ ಉದ್ದದ ನಾಲ್ಕು ಪಟ್ಟು ದಾರ ಹಿಡಿಯಿತು.

"ಉಸಿರು?" ಎಂದು ಕೇಳಿದರು.

"ಸರಿ ಇದೆ ಮೇಡಂ," ಎಂದರು ಉಸಿರಿನ ಯಂತ್ರದ ಬಳಿಯಿದ್ದ ಅರಿವಳಿಕೆ ಡಾಕ್ಟರು.

"ಹಂಗಾರ ಆ ಬ್ಯಾಗ್ ಬ್ಯಾಡ. ಕಪಾಟಿನ್ಯಾಗ ಇಡ್ರಿ."

ಬಾಗಿಲಾಚೆಯಿಂದ ಹುಲಿಗೆವ್ವನ ದನಿ ಬಂತು: "ಮುಚ್ಚಿದ್ರೇನ್ರೀ?"

"ಮುಚ್ಚೀವಿ ಯವ್ವಾ."

ಅವಳು ಗೊಳೋ ಎಂದು ಅತ್ತಳು.

ನಾಳೆ ನನ್ನನ್ನು ಸುಡುತ್ತಾರಂತೆ. ಭಯವಿಲ್ಲವೆಂದು ಸುಳ್ಳೇಕೆ ಹೇಳಲಿ? ಐದು ದಿನ ನಾನು ಅವಳ ಮಗನ ಹೊಟ್ಟೆಯಾಗಿದ್ದೆ. ಅಷ್ಟೂ ದಿನ ಅವನು ನಿದ್ದೆಯಲ್ಲಿದ್ದ. ನನ್ನ ಮುಖವನ್ನೇ ನೋಡಿಲ್ಲ.