ಎಣ್ಣಿ ಇನ್ನೂ ಕಾದಿಲ್ರಿ

ಕಾದ ಎಣ್ಣೆಯಲ್ಲಿ ಕೈ ಅದ್ದಿ ಹೇಳು ಅಂದರೂ ಹೇಳಿಯೇನು: ಇದು ದಾಂಡೇಲಿಯಲ್ಲಿ ನಡೆದದ್ದೇ. ಒಗ್ಗರಣೆ ಹಾಕಿಲ್ಲ.

ಕಾಗದದ ಕಾರ್ಖಾನೆ ಬಂದು ಊರು ಬೆಳೆಯುತ್ತಿದ್ದ ಕಾಲ. ಬೈಲಹೊಂಗಲದ ಕಡೆಯಿಂದ ಬಂದ ಪರಸಪ್ಪ, ಕರಿಬಸಪ್ಪನ ಖಾನಾವಳಿಯಲ್ಲಿ ಮಿರ್ಚಿ ಕರಿಯುತ್ತಿದ್ದ. ಹಿಂದಿನ ಖೋಲಿಯಲ್ಲೇ ಸಂಸಾರ. ಹೆಂಡತಿ ಸತ್ತೆವ್ವ ದಿನ ತುಂಬಿದ ಬಸುರಿ. ಕೆಲಸ ಹೋದರೆ ಖೋಲಿಯೂ ಹೋದಂತೆಯೇ.

ಮಾಲೀಕ ಕರಿಬಸಪ್ಪನ ಬಲಗಡೆಯ ಮೀಸೆಯನ್ನು ಸ್ಟೋವು ಸುಟ್ಟಿತ್ತು. ಉಳಿದ ಎಡಗಡೆಯದನ್ನು ಅವನು ಎಣ್ಣೆ ಹಚ್ಚಿ ಎಷ್ಟು ಬೆಳೆಸಿದ್ದನೆಂದರೆ, ಅದರ ತುದಿಗೆ ಗುಬ್ಬಿ ಕೂತು ಜೋಕಾಲಿ ಆಡುತ್ತಿತ್ತು.

ಒಂದು ಮಧ್ಯಾಹ್ನ ಅವನು, "ಬಡಿಸೋ ಮಹಾಂತಪ್ಪನ್ನ ಕರಿಯೋ" ಎಂದು ಕೂಗಿದ. ಪರಸಪ್ಪ ಬಾಣಲೆಯತ್ತ ನೋಡಿ, "ಎಣ್ಣಿ ಇನ್ನೂ ಕಾದಿಲ್ರಿ ಸಾವ್ಕಾರ್ರ" ಎಂದುಬಿಟ್ಟ. ಉಣ್ಣುತ್ತಿದ್ದವರ ಬಾಯೊಳಗಿನ ಅನ್ನ ಗೋಡೆಗೆ ಹಾರಿತು.

ವಾರ ಕಳೆದು ಹುಬ್ಬಳ್ಳಿ ಬಸ್ಸಿಗೆ ಪತ್ರಿಕೆ ಬಂತು. ಅದರ ನಗೆಚಿತ್ರದಲ್ಲಿ ಒಬ್ಬ ಖಾನಾವಳಿ ಮಾಲೀಕ "ಅವನ್ನ ಕರಿ" ಅನ್ನುತ್ತಾನೆ. ಅಡುಗೆಯವ "ಎಣ್ಣಿ ಕಾದಿಲ್ರಿ" ಅನ್ನುತ್ತಾನೆ. ಆ ಮಾಲೀಕನಿಗೂ ಅರ್ಧವೇ ಮೀಸೆ!

ಪತ್ರಿಕೆಯನ್ನು ಮುದ್ದೆ ಮಾಡಿ ಹಿಡಿದು ಕರಿಬಸಪ್ಪ ಒಲೆಯ ಮುಂದೆ ಬಂದು ನಿಂತ. ಪಂಕ್ತಿಯಲ್ಲಿ ಕೂತವರ ಕೈ ಎಲೆಯ ಮೇಲೇ ನಿಂತವು.

"ಯಾರಿಗೆ ಹೇಳಿ ಬರಿಸಿದಿ?"

"ಸತ್ತೆವ್ವನ ಆಣಿರಿ, ನನಗ ನನ್ನ ಹೆಸರ ಬರಿಯಾಕ ಬರಂಗಿಲ್ಲ."

"ಸುಳ್ಳ ಮಗನ! ಹಳಿಯಾಳದ ಬೀಗರೂ ನೋಡಿ ನಕ್ಕಾರ. ಇವತ್ತ ನಿನ್ನ ತೆಗದಽ ಬಿಡ್ತೇನಿ!"

ಬಾಗಿಲಲ್ಲಿ ಸತ್ತೆವ್ವ ಹೊಟ್ಟೆ ಹಿಡಿದು ನಿಂತಿದ್ದಳು. ಕಾಲಿಗೆ ಬೀಳಬೇಕೆಂದೇ ಪರಸಪ್ಪ ಬಾಗಿದ. ಆದರೆ ಹಾಳು ನಾಲಿಗೆ ಅವನಿಗಿಂತ ಮುಂದೆ ಓಡಿತು.

"ತೆಗೀರಿ ಸಾವ್ಕಾರ್ರ. ಚಿತ್ರದಾಗ ಪತ್ರಿಕಿಯವರು ನಿಮ್ಮನ್ನ ತೆಗದಾರ, ಕೆಲಸದಾಗಿಂದ ನೀವು ನನ್ನ ತೆಗೀತೀರಿ. ಉಳದ ಅರ್ಧಾ ಮೀಸಿ ತೆಗಿಯಾವ್ರು ಯಾರ್ರಿ?"

ಎಣ್ಣೆಯೊಂದೇ ಚುರುಗುಟ್ಟಿತು. ಕರಿಬಸಪ್ಪನ ಕೈ ಮೇಲೆದ್ದಿತು. ಪರಸಪ್ಪ ಕಣ್ಣು ಮುಚ್ಚಿ ಕೆನ್ನೆ ಒಡ್ಡಿದ. ಏಟು ಬರಲಿಲ್ಲ. ಕಣ್ಣು ಬಿಟ್ಟರೆ, ಕೈ ಹೋಗಿ ಮೀಸೆಯನ್ನು ಸವರುತ್ತಿತ್ತು.

"ಕಟಿಂಗ್ ಮಾಡೋ ಶೇಖಪ್ಪನ್ನ ಕರಿ."

ಪರಸಪ್ಪ ಬಾಯಿ ತೆರೆದ.

"ಬಾಯಿ ಮುಚ್ಚಲೇ! ಎಣ್ಣಿ ಕಾದೈತಿ, ನನಗೂ ಕಾಣ್ತೈತಿ!"

ಎಲ್ಲರಿಗಿಂತ ಮೊದಲು ನಕ್ಕವನು ಕರಿಬಸಪ್ಪನೇ. ಆ ನಗೆಗೆ ಊರಾಚೆಯ ಕೋಗಿಲಬನದ ತನಕ ಹಕ್ಕಿ ಎದ್ದವು. ಪರಸಪ್ಪನ ಕೆಲಸವೂ ಉಳಿಯಿತು, ಖೋಲಿಯೂ ಉಳಿಯಿತು.

ಮುಂದಿನ ನಗೆಚಿತ್ರದಲ್ಲಿ ಆ ಮೀಸೆ ತೆಗೆಯುವ ಮಾತೇ ಬಂದಿತ್ತು, ಮಾಲೀಕನಿಗೆ ಮೀಸೆಯೇ ಇರಲಿಲ್ಲ. ಅವನ ತಲೆಯ ಮೇಲಿನ ಬೋರ್ಡಿನಲ್ಲಿ 'ಪರಸಪ್ಪನ ಖಾನಾವಳಿ' ಎಂದಿತ್ತು. ಅಡಿಯಲ್ಲಿ ಸಣ್ಣಕ್ಷರ: 'ಮಾತು ಕಳಿಸಿದವರು, ಕರಿಬಸಪ್ಪ, ದಾಂಡೇಲಿ.'

ಹಾಗಾದರೆ ಮೊದಲನೆಯದನ್ನು ಕಳಿಸಿದವರು ಯಾರು? ಹೇಳುತ್ತೇನೆ. ಮೊದಲು ಬೀದಿಯಲ್ಲಿ ಹೊರಟಿರುವ ಆ ಮಿರ್ಚಿಯವನನ್ನು ಕರೆಯಿರಿ. ಕರೆಯಿರಿ ಅಂದೆ, ಕರಿಯಿರಿ ಅನ್ನಲಿಲ್ಲ.