ಖಾದರಬಾಷಾನ ತಿಪ್ಪೆಯ ಕಾವು

ತ್ರಿಶಲಾ ಉದ್ದನೆಯ ಥರ್ಮಾಮೀಟರನ್ನು ತಿಪ್ಪೆಯಿಂದ ಹೊರಗೆಳೆದಳು. ಮೂವತ್ತೆರಡು!

ಖಾದರಬಾಷಾನ ತಿಪ್ಪೆಯ ಮೇಲೆ ಹಾರಿದ ಕಾಗೆ ಸುಟ್ಟ ಬದನೆಕಾಯಾಗಿ ಕೆಳಗೆ ಬೀಳುತ್ತದೆಂದು ಇಡೀ ಮೂಡಲಗಿಗೆ ಗೊತ್ತು. ಅದರ ಹಬೆಯನ್ನು ಮೋಡವೆಂದು ತಿಳಿದು ಹುಕ್ಕೇರಿಯವರು ಒಣಹಾಕಿದ ಬಟ್ಟೆ ಒಳಗೆ ತಂದದ್ದುಂಟು. ಅಂಥ ತಿಪ್ಪೆ ಇಂದು ಎಮ್ಮೆಯ ಮೂಗಿನಷ್ಟು ತಣ್ಣಗಿತ್ತು.

"ಕಾಕಾ, ಮೊನ್ನಿ ನಾ ಬರೇ ಕಾವ ನೋಡಿ ಹೋದಾಗ ಎಪ್ಪತ್ತ ಡಿಗ್ರಿ ಇತ್ತಲ್ರಿ?"

"ನೀ ಕೈ ಹಾಕ್ತಿ ಅಂತ ಗೊತ್ತಿತ್ತಲ್ಲ ಬೇಟಿ. ಕೈ ಸುಟ್ಟೀತಂತ ನಿನ್ನಿ ದಿನಾ ಪೂರ್ತಿ ತಿರುವಿ, ನಲವತ್ತ ಕೊಡ ನೀರ ಹಾಕೇನಿ!" ಖಾದರಬಾಷಾ ಎದೆಯುಬ್ಬಿಸಿ ಹೇಳಿದ.

ತ್ರಿಶಲಾಳಿಗೆ ಘಟಪ್ರಭೆಯೇ ಉಕ್ಕುವಷ್ಟು ಅಳು ಬಂತು. ಗೋಕಾಕದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ವರ್ಷದಿಂದ ಅವಳು ಹುಡುಕುತ್ತಿದ್ದುದು ಬಿಸಿಯಲ್ಲೇ ಬಾಳುವ ಬ್ಯಾಕ್ಟೀರಿಯಾವನ್ನು. ಅದರ ಕಿಣ್ವ ಕಾವಿಗೆ ಕೆಡದೆ, ಔಷಧಕ್ಕೆ ಬೇಕಾದ ಅಮೈನೋ ಆಮ್ಲ ತಯಾರಿಸಬೇಕಿತ್ತು. ಅಂಕಲಗಿಯಿಂದ ದಡ್ಡಿಯವರೆಗೆ ಅವಳು ಅಗೆಯದ ತಿಪ್ಪೆಯಿಲ್ಲ. ಸಿಕ್ಕ ಕಿಣ್ವಗಳೆಲ್ಲ ಅರವತ್ತಕ್ಕೇ ಹಾಲಿನಂತೆ ಒಡೆದಿದ್ದವು. ಈ ತಿಂಗಳೊಳಗೆ ಸಿಗದಿದ್ದರೆ ಕೆಲಸ ಕೈಬಿಡೋಣ ಎಂದು ಪ್ರೊಫೆಸರರು ಹೇಳಿಬಿಟ್ಟಿದ್ದರು.

"ತಂಪಾದ್ರ ಬಿಸಿ ಬೇಕಾದವು ಹಿಂದ ಬೀಳತಾವ, ಬ್ಯಾರೇವು ಬೆಳೀತಾವ. ಮುಗೀತ್ರಿ ಕಾಕಾ."

ಗೋಕಾಕದ ಬಸ್ಸನ್ನು ಬರೀ ದನಿಯಿಂದ ನಿಲ್ಲಿಸಬಲ್ಲ ಅವನ ಹೆಂಡತಿ ನಜೀರಾ ಹೊರಬಂದಳು. "ಮಂದಿ ಬರತಾರಂತ ಒಲಿ ಆರಿಸೋ ಶಾಣ್ಯಾ ಇವರೊಬ್ಬರ! ಬಾ ಬೇಟಿ, ತಿಪ್ಪಿಯ ಹಿಂದಿನ ಮೂಲಿ ಹಂಗ ಐತಿ. ಅಲ್ಲಿ ನನ್ನ ಜಳಕದ ಕೊಡ ಹುಗದೇನಿ. ಕಟಗಿ ಇಲ್ಲದ ನೀರ ಕಾಯತಾವ."

"ಆ ಮೂಲಿ ಮುಟ್ಟಿದ್ರ ನನಗ ಊಟ ಬಂದ್," ಎಂದ ಖಾದರಬಾಷಾ ಸಣ್ಣಗೆ.

ಕೊಡ ಎತ್ತಿದಾಗ ಎದ್ದ ಹಬೆಯಲ್ಲಿ ಮೂವರೂ ಒಬ್ಬರಿಗೊಬ್ಬರು ಕಾಣದಾದರು. ಎಪ್ಪತ್ತೆರಡು! ತ್ರಿಶಲಾ ಅಲ್ಲಿಯ ಗೊಬ್ಬರವನ್ನು ಥರ್ಮಾಸಿಗೆ ತುಂಬಿಕೊಂಡು, ಮಗುವಿನಂತೆ ಅವಚಿಕೊಂಡು ಬಸ್ಸು ಹತ್ತಿದಳು.

ತಿಂಗಳ ಕೊನೆಯ ದಿನ. ಆ ಗೊಬ್ಬರದಿಂದ ಬೆಳೆಸಿದ ಹನ್ನೆರಡು ಬಗೆಯ ಬ್ಯಾಕ್ಟೀರಿಯಾಗಳ ಕಿಣ್ವವನ್ನು ಎಪ್ಪತ್ತು ಡಿಗ್ರಿಯಲ್ಲಿ ದುಡಿಸಿಯಾಗಿತ್ತು. ಅಮೈನೋ ಆಮ್ಲ ತಯಾರಾಗಿದ್ದರೆ ಈಗ ಹಾಕಿದ ಪರೀಕ್ಷಾ ದ್ರಾವಣದ ಹನಿಗಳಿಗೆ ಬಣ್ಣ ನೇರಳೆಯಾಗಬೇಕು. ಹನ್ನೊಂದು ಗಾಜಿನ ಕೊಳವೆಗಳು ಅಕ್ಕಿ ತೊಳೆದ ನೀರಿನಂತೆ ಸುಮ್ಮನಿದ್ದವು. ಪ್ರೊಫೆಸರರು ಗಡಿಯಾರ ನೋಡಿದರು.

"ಇನ್ನೊಂದ್ ಐತ್ರಿ ಸರ್," ಎಂದಳು ತ್ರಿಶಲಾ.

ಪ್ರೊಫೆಸರರು ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದರು. ಬಿಸಿಲು ಹನ್ನೆರಡನೆಯ ಕೊಳವೆಯನ್ನು ಹಾಯ್ದು, ಅವಳ ಬಿಳಿ ಕೋಟಿನ ತೋಳಿನ ಮೇಲೆ ನೇರಳೆ ಗೆರೆಯಾಗಿ ಬಿತ್ತು.