ಧೂಪದ ಮರೆಯ ಬಿಳಿ ಹೊಗೆ

ಹಳೆಯ ಜೀಪು ಇರುವ ಮನೆ ಯಾವುದೆಂದು ಹಳ್ಳಿಯಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ಚಳಿಗಾಲದ ಬೆಳಿಗ್ಗೆ ಹೊಗೆ ಎದ್ದ ಕಡೆ ನೋಡಿದರೆ ಸಾಕು. ಮಾರಿಕಣಿವೆಯ ಹತ್ತಿರದ ಹಟ್ಟಿಯೊಂದರಲ್ಲಿ ಜಂಪಣ್ಣನ ಮನೆಯೂ ಹಾಗೆಯೇ. ಕುರಿ ಸಾಕುವ ಮನೆ. ಮಿಲಿಟರಿ ಹರಾಜಿನಲ್ಲಿ ತಂದ ಪೆಟ್ರೋಲ್ ಜೀಪಿನಲ್ಲಿ ಅವನು ಉಣ್ಣೆಯನ್ನೂ ಮರಿಗಳನ್ನೂ ಹಿರಿಯೂರಿನ ಸಂತೆಗೆ ಸಾಗಿಸುತ್ತಿದ್ದ. ಬೆಳಗಿನ ಹೊತ್ತು ಬಸ್ಸಿಲ್ಲದ ಊರು. ಹೆರಿಗೆಗೂ ಜ್ವರಕ್ಕೂ ಆ ಜೀಪೇ ಗತಿ.

ಜಂಪಣ್ಣನ ಅಕ್ಕ ಬೋರಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟು ಮಾತ್ರ ಗೊತ್ತಾಗುತ್ತಿತ್ತು. ಆದರೂ ಬೆಳಗಿನ ಧೂಪದ ಕೆಲಸ ಅವಳದೇ. ಕುರಿ ಕೂಡುವ ರೊಪ್ಪಕ್ಕೆ ಧೂಪ ಹಿಡಿದು, ಅದೇ ಕೆಂಡದಲ್ಲಿ ಜೀಪಿಗೂ ಹಿಡಿಯುವುದು ಆ ಮನೆಯ ಪದ್ಧತಿ. ಅಕ್ಕ ಧೂಪ ಹಿಡಿದು ಜೀಪನ್ನು ಸುತ್ತುತ್ತಿರುವಾಗಲೇ ತಮ್ಮ ಎಂಜಿನ್ ಚಾಲೂ ಮಾಡುತ್ತಿದ್ದ. ಧೂಪದ ಹೊಗೆ ಯಾವುದು, ಗಾಡಿಯ ಹೊಗೆ ಯಾವುದು ಎಂದು ಯಾರೂ ಬೇರೆ ಮಾಡಿ ನೋಡಿರಲಿಲ್ಲ.

ಹಿರಿಯೂರಿನಲ್ಲಿ ಕಣ್ಣಿನ ಶಿಬಿರ ನಡೆಯಲಿದೆ ಎಂಬ ಸುದ್ದಿ ಬಂದಾಗ ಬೋರಕ್ಕ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆಸಿದಳು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ಜೀಪಿನ ಹಿಂದೆ ನಿಂತು ಹೇಳಿದಳು:

"ತಮ್ಮಾ, ಧೂಪ ಆರಿ ಹೋದ್ರೂ ಇಲ್ಲಿ ಹಬೆ ನಿಂತಿಲ್ಲ ನೋಡು. ಕಾಲಿಗೆಲ್ಲ ತೇವ ಹತ್ತೈತೆ."

"ಚಳಿ ಅಕ್ಕ. ರೊಪ್ಪದಾಗೆ ಕುರಿ ಉಸಿರು ಬಿಟ್ರೂ ಹಬೆ ಬರಲ್ವಾ? ಇದೂ ಹಂಗೇ."

"ಮದ್ಲು ಎಂಜಿನ್ ಕಾದ ಮ್ಯಾಲೆ ನಿಂತೋಗ್ತಿತ್ತಪ್ಪ. ಈಗ ನೀರೂ ಜಾಸ್ತಿ ಕುಡೀತೈತೆ. ದಿನಾ ನಿನ್ನ ಹೆಂಡ್ತಿ ಕೈಯಾಗೆ ಬಿಂದಿಗೆ ತರಿಸ್ತೀಯಲ್ಲ."

"ಕಣ್ಣು ಕಾಣದೋಳು ಹೊಗೆ ನೋಡಿ ಹೇಳ್ತೀಯಾ? ಸುಮ್ಕಿರಕ್ಕ," ಎಂದು ಜಂಪಣ್ಣ ನಕ್ಕುಬಿಟ್ಟ.

ಬೋರಕ್ಕ ಧೂಪದ ಬಟ್ಟಲನ್ನು ಕಟ್ಟೆಯ ಮೇಲೆ ತಡವಿ ಇಟ್ಟು ಒಳಗೆ ಹೋದಳು.

ಶಿಬಿರದ ದಿನ ನಸುಕಿನಲ್ಲೇ ಹೊರಟರು. ಅರ್ಧ ದಾರಿಯ ಏರಿನಲ್ಲಿ ಜೀಪಿನ ಮುಂಭಾಗದಿಂದ ಹಬೆ ಎದ್ದಿತು. ಇನ್ನೊಂದು ಸ್ವಲ್ಪ ದೂರ ಹೋದರೆ ಇಳಿಜಾರು ಸಿಗುತ್ತದೆ ಎಂದು ಜಂಪಣ್ಣ ನಿಲ್ಲಿಸಲಿಲ್ಲ. ಒಮ್ಮೆ ಗರಗರ ಸದ್ದಾಗಿ ಎಂಜಿನ್ ಕಚ್ಚಿಕೊಂಡು ನಿಂತಿತು.

ಒಳ್ಳೆಯ ಸೀರೆಯುಟ್ಟ ಅಕ್ಕ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು, ಪ್ರತಿ ಸದ್ದಿಗೂ ತಲೆ ಎತ್ತುತ್ತಿದ್ದಳು. ಬಿಸಿಲೇರಿದ ಮೇಲೆ ಲಾರಿಯೊಂದು ಹತ್ತಿಸಿಕೊಂಡಿತು. ಹಿರಿಯೂರು ತಲುಪಿದಾಗ ಹೆಸರು ಬರೆಯುವುದು ಮುಗಿದಿತ್ತು. ಮುಂದಿನ ಚಳಿಗಾಲಕ್ಕೆ ಬನ್ನಿ ಎಂದರು.

"ಹೋಗಾಣ ನಡಿಯಪ್ಪ," ಎಂದಳು ಬೋರಕ್ಕ. "ಕುರಿ ಬರೋ ಹೊತ್ತಿಗೆ ಮನೆ ಸೇರ್ಕಣಾಣ."

ಅವಳು ಬೈದಿದ್ದರೆ ಜಂಪಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

ಜೀಪನ್ನು ಎಳೆಸಿ ತಂದ ಮೇಲೆ ಅವನ ಗೆಳೆಯ ಮರುಳಸಿದ್ದಪ್ಪ ಬಂದ. ಅವನು ಮಾರಿಕಣಿವೆಯಲ್ಲಿ ನೀರಾವರಿ ಇಲಾಖೆಯ ಗಾಡಿಗಳನ್ನು ನೋಡಿಕೊಳ್ಳುವವನು. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ತೋರಿಸಿದ.

"ನೋಡಪ್ಪ, ಎಣ್ಣೆ ರಾಗಿ ಅಂಬಲಿ ಆಗೈತೆ. ಎಂಜಿನ್ ತಲೆಯ ಕೆಳಗೆ ನೀರು ತಡೆಯೋ ಗ್ಯಾಸ್ಕೆಟ್ ಹಾಳೆ ಒಡೆದು ರೇಡಿಯೇಟರ್ ನೀರು ಒಳಗೆ ಇಳಿದೈತೆ. ಬಿಳಿ ಹೊಗೆ ಬರ್ತಿರಲಿಲ್ವಾ?"

"ಬರ್ತಿತ್ತು. ಚಳಿಗೆ ಅನ್ಕಂಡೆ."

"ಚಳಿಗೂ ಬರುತ್ತೆ. ಹೊಗೆ ಕೊಳವೆಯಾಗೆ ಕುಂತ ತೇವ ಕಾದು ಹೋಗ್ತದೆ. ಆದ್ರೆ ಎಂಜಿನ್ ಚೆನ್ನಾಗಿ ಕಾದ ಮ್ಯಾಲೂ ನಿಲ್ಲದೆ, ದಿನಾ ನೀರೂ ಇಳೀತಿದ್ರೆ ಅದು ಚಳಿ ಅಲ್ಲ. ಅವತ್ತೇ ಬಂದಿದ್ರೆ ಗ್ಯಾಸ್ಕೆಟ್ ಒಂದೇ ಹಾಕಿ ಕಳಿಸ್ತಿದ್ದೆ. ಈಗ ಎಂಜಿನ್ ಪೂರ್ತಿ ಬಿಚ್ಚಬೇಕು."

"ನೀಲಿ ಹೊಗೆನೂ ಬರುತ್ತಂತಲ್ಲಣ್ಣ?" ಎಂದು ಜಂಪಣ್ಣನ ಹೆಂಡತಿ ಚಂದ್ರಕ್ಕ ಕೇಳಿದಳು.

"ನೀಲಿ ಅಂದ್ರೆ ಎಣ್ಣೆ ಉರೀತೈತೆ ಅಂತ. ಚಾಲೂ ಮಾಡಿದ ಕೂಡ್ಲೆ ಒಂದ್ಸಲ ಬಂದು ನಿಂತ್ರೆ, ರಾತ್ರಿ ವಾಲ್ವ್ ಸಂದಿಯಾಗೆ ಎಣ್ಣೆ ಜಿನುಗಿರ್ತೈತೆ. ಓಡೋವಾಗ್ಲೂ ಬಂದ್ರೆ ಎಣ್ಣೆ ತಡೆಯೋ ಪಿಸ್ಟನ್ ರಿಂಗ್ ಸವೆದಿರಬೇಕು. ಕರಿ ಹೊಗೆ ಬಂದ್ರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಚಳೀಲಿ ಚಾಲೂ ಮಾಡೋಕೆ ಎಳೆಯೋ ಚೋಕ್ ವಾಪಸ್ ತಳ್ಳೋದು ಮರೆತಿದ್ದೀರಾ, ಗಾಳಿ ಸೋಸೋ ಡಬ್ಬಿಯಾಗೆ ಧೂಳು ಕಟ್ಟೈತಾ ನೋಡ್ರಿ."

"ಈ ಧೂಪದಾಗೆ ಬಣ್ಣ ಎಲ್ಲಿ ಕಾಣ್ಬೇಕು? ಹಂಗಂತ ಧೂಪ ಬಿಟ್ರೆ ಗಾಡಿಗೆ ಒಳ್ಳೇದಾ?"

"ಬಿಡೋದು ಬ್ಯಾಡ್ರಿ, ತಂಗ್ಯಮ್ಮ. ಮದ್ಲು ಗಾಡಿ ಹೊಗೆ ನೋಡ್ರಿ, ಧೂಪ ಆಮೇಲೆ ಹಾಕ್ರಿ. ಕೋಲಿಗೆ ಬಿಳಿ ಬಟ್ಟೆ ಕಟ್ಟಿ, ಪಕ್ಕಕ್ಕೆ ನಿಂತು ಕೊಳವೆ ಬಾಯಿಗೆ ಹಿಡೀರಿ. ಎಂಜಿನ್ ಕಾದ ಮ್ಯಾಲೂ ಬಟ್ಟೆ ತೇವ ಆದ್ರೆ, ಜಿಡ್ಡಾದ್ರೆ, ಮಸಿ ಹತ್ತಿದ್ರೆ, ಗಾಡಿ ನಿಲ್ಸಿ ತೋರಿಸ್ರಿ. ಇದೆಲ್ಲ ಬಯಲಾಗೆ ಮಾಡ್ರಿ. ಮುಚ್ಚಿದ ಕೊಟ್ಟಿಗೆಯಾಗೆ ಆ ಹೊಗೆ ಜೀವ ತೆಗೀತದೆ. ಕಾದ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬ್ಯಾಡ್ರಿ, ಮುಖ ಬೆಂದು ಹೋಗ್ತದೆ."

ಜಂಪಣ್ಣ ಮೆಲ್ಲಗೆ ಹೇಳಿದ: "ಅಕ್ಕ ಹೇಳಿದ್ಲು ಸಿದ್ದಪ್ಪ. ಕಾಲಿಗೆ ತೇವ ಹತ್ತೈತೆ ಅಂದ್ಲು. ನಾನೇ ನಕ್ಕೆ."

ಮರುಳಸಿದ್ದಪ್ಪ ಕೈ ಒರೆಸಿಕೊಂಡು ಎಂಜಿನ್ ಬಿಚ್ಚಲು ಕುಳಿತ.

ಮುಂದಿನ ಚಳಿಗಾಲದಲ್ಲಿ ಬೋರಕ್ಕನಿಗೆ ಆಪರೇಷನ್ ಆಯಿತು. ಬಲಗಣ್ಣು ಬಂತು. ಎಡಗಣ್ಣನ್ನು ಪರೀಕ್ಷಿಸಿದ ಡಾಕ್ಟರು, ಪೊರೆ ಬಲಿತು ಕಣ್ಣಿನ ಒತ್ತಡ ಏರಿ ಒಳಗಿನ ನರ ಕೆಟ್ಟಿದೆ, ಹೋದ ವರ್ಷವೇ ಬಂದಿದ್ದರೆ ಉಳಿಯಬಹುದಿತ್ತು ಎಂದರು. ಜಂಪಣ್ಣ ತಲೆ ಬಗ್ಗಿಸಿ ಕೇಳಿಸಿಕೊಂಡ.

ಈಗ ಆ ಮನೆಯಲ್ಲಿ ಧೂಪಕ್ಕೆ ಮೊದಲು ಬಟ್ಟೆಯ ಕೋಲು ಬರುತ್ತದೆ. ದಪ್ಪ ಕನ್ನಡಕ ಹಾಕಿದ ಬೋರಕ್ಕ ಅದನ್ನು ಹಿಡಿದು, ಆಮೇಲೆ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ.

"ಕಣ್ಣು ಬಂದೈತಲ್ಲಕ್ಕ, ನೋಡೇ ಹೇಳು," ಎಂದ ಜಂಪಣ್ಣ ಒಂದು ದಿನ.

"ನೋಡಿ ಹೇಳಿದ್ರೆ ನಂಬ್ತೀಯೋ, ಮುಟ್ಟಿ ಹೇಳಿದ್ರೆ ನಂಬ್ತೀಯೋ?" ಎಂದು ಅವಳು ಕೇಳಿದಳು.

ಅವನು ಎಂಜಿನ್ ನಿಲ್ಲಿಸಿ ಕೆಳಗಿಳಿದು ಬಂದು, ತಾನೂ ಬಟ್ಟೆ ಮುಟ್ಟಿ ನೋಡಿದ. ಒಣಗಿತ್ತು. ಆಮೇಲೆ ಅಕ್ಕನಿಗೆ ತಾನೇ ಕೆಂಡ ತಂದುಕೊಟ್ಟ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ ನಾಳೆ ಬೆಳಿಗ್ಗೆ ಧೂಪ ಹಚ್ಚುವ ಮೊದಲು ಅದರ ಹೊಗೆಯ ಬಣ್ಣ ನೋಡಿ. ಎಂಜಿನ್ ಕಾದ ಮೇಲೂ ಹೊಗೆ ನಿಲ್ಲದಿದ್ದರೆ ಊರು ದಾಟುವ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ. ಗಾಡಿಯಲ್ಲಿ ಏನೋ ಬದಲಾಗಿದೆ ಎಂದು ಮನೆಯವರು ಯಾರೇ ಹೇಳಲಿ, ನಗಬೇಡಿ. ಇಳಿದು ಹೋಗಿ ಒಮ್ಮೆ ನೋಡಿ.